ಹೊಗೆಗೊಂದು ದಾರಿ ಬೇಡವೇ?

ಮಳೆ ಹಿಡಿಯಿತೆಂದರೆ ಮೊದಲು ಮುಚ್ಚುವುದು ಕಿಟಕಿ. ಆಮೇಲೆ ಎಲ್ಲವೂ ಒಳಗೇ: ಒಲೆಯ ಹೊಗೆ, ಸೊಳ್ಳೆ ಬತ್ತಿ, ಸಾಂಬ್ರಾಣಿ. ಆಸ್ಪತ್ರೆಯಲ್ಲಾದರೆ ಎ.ಸಿ. ತಂಪು, ಫಾರ್ಮಲಿನ್ ಘಾಟು, ಸಾಲಾಗಿ ಕೂತವರ ಕೆಮ್ಮು. ರಸ್ತೆಯ ಗಾಳಿ ಅಳೆಯಲು ಫಲಕ ನಿಲ್ಲಿಸಿದವರು ನಾವು. ದಿನದ ಬಹುಪಾಲು ಉಸಿರಾಡುವ ಕೋಣೆಯ ಗಾಳಿಯನ್ನು ಮಾತ್ರ ವಿಚಾರಿಸುವವರಿಲ್ಲ!

ಆಷಾಢದ ಒಂದು ಬೆಳಗು, ಸಾಗರದ ಕಡೆಯ ಮನೆ. ಮಳೆ ಬಿಟ್ಟೂಬಿಡದೆ ಹೊಡೆಯುತ್ತಿದೆ. ಬಚ್ಚಲಿನ ಹಂಡೆ ಒಲೆಗೆ ಅಡಕೆ ಹಾಳೆ, ಸಿಪ್ಪೆ, ಇನ್ನೂ ಪಸೆ ಆರದ ಕಟ್ಟಿಗೆ ತುರುಕಿದ್ದಾರೆ. ಉರಿಗಿಂತ ಹೊಗೆಯೇ ಜಾಸ್ತಿ. ಅಜ್ಜಿ ಊದುಕೊಳವೆ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ಊದುತ್ತಿದ್ದಾರೆ.

ಬಾಣಂತಿಯ ಎಣ್ಣೆ-ನೀರು ಮುಗಿದಿದೆ. ಕೂಸಿಗೂ ಎರೆದಾಗಿದೆ. ಇನ್ನು ಹೊಗೆ ಹಾಕುವ ಸರದಿ. ಅಗ್ಗಿಷ್ಟಿಕೆಯ ಕೆಂಡದ ಮೇಲೆ ಒಂದು ಹಿಡಿ ಬೆಳ್ಳುಳ್ಳಿ ಸಿಪ್ಪೆ, ಚಿಟಿಕೆ ಓಮ, ಮೇಲಿಷ್ಟು ಸಾಂಬ್ರಾಣಿ ಪುಡಿ. ಬಿದಿರಿನ ಬುಟ್ಟಿ ಕವುಚಿಟ್ಟು ಅದರ ಮೇಲೆ ತಾಯಿಯ ಒದ್ದೆ ಕೂದಲು ಹರವುತ್ತಾರೆ. ಕೂಸನ್ನೂ ಎರಡು ಸಲ ಆ ಹೊಗೆಯ ಮೇಲೆ ಆಡಿಸಿ ತೆಗೆಯುತ್ತಾರೆ. “ಆ ಕಿಟಕಿ ಹಾಕೇ ತಂಗಿ, ಕೂಸಿಗೆ ಥಂಡಿ ಆಗ್ತು.”

ಕಿಟಕಿ ಮುಚ್ಚುತ್ತದೆ. ಕೋಣೆಯ ಸೂರು ಮಸುಕಾಗುತ್ತದೆ. ತಾಯಿ ಒಂದು ಸಲ ಕೆಮ್ಮುತ್ತಾಳೆ, ಕೂಸು ಎರಡು ಸಲ.

ಈ ಮನೆಗೆ ಗ್ಯಾಸ್ ಬಂದು ವರ್ಷಗಳೇ ಆಗಿವೆ. ಅಡುಗೆಮನೆಯ ಕಟ್ಟೆ ಮೇಲೆ ಸ್ಟೀಲ್ ಒಲೆ ಹೊಳೆಯುತ್ತಿದೆ. ಸರ್ಕಾರಿ ಸಮೀಕ್ಷೆಯವರು ಬಂದರೆ ಇದು ‘ಶುದ್ಧ ಇಂಧನ ಬಳಸುವ ಕುಟುಂಬ’. ಬರೆದುಕೊಂಡದ್ದರಲ್ಲಿ ಸುಳ್ಳಿಲ್ಲ. ಬಚ್ಚಲಿಗೆ ಮಾತ್ರ ಯಾರೂ ಇಣುಕಿಲ್ಲ.

ಲೆಕ್ಕಕ್ಕೆ ಸಿಗದ ಸಾವು

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 2.37 ಲಕ್ಷ ಮಂದಿ ಐದು ವರ್ಷದೊಳಗಿನ ಮಕ್ಕಳು. ಮರಣಪತ್ರದಲ್ಲಿ ‘ಹೊಗೆ’ ಎಂದು ಯಾರೂ ಬರೆಯುವುದಿಲ್ಲ. ನ್ಯುಮೋನಿಯಾ, ಹೃದಯಾಘಾತ, ಪಾರ್ಶ್ವವಾಯು, ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಎಂದಿರುತ್ತದೆ.

ಬೀಡಿ ಮುಟ್ಟದ ಹೆಂಗಸಿಗೆ ಬೀಡಿ ಸೇದುವವರ ಕಾಯಿಲೆ ಹೇಗೆ ಬಂತು ಎಂದು ಡಾಕ್ಟರಿಗೆ ಆಶ್ಚರ್ಯವಾದರೆ, ಉತ್ತರ ಆಕೆಯ ಅಡುಗೆಮನೆಯ ಸೂರಿನಲ್ಲಿ ಇಲ್ಲಣವಾಗಿ ನೇತಾಡುತ್ತಿರುತ್ತದೆ.

ಈ ಹೊಗೆಯನ್ನು ಮೊದಲು ಗಂಭೀರವಾಗಿ ಅಳೆದವರಲ್ಲಿ ಅಮೆರಿಕದ ಕರ್ಕ್ ಸ್ಮಿತ್ ಒಬ್ಬರು. 1981ರಲ್ಲಿ ಅವರು ಮತ್ತು ಭಾರತೀಯ ಸಹೋದ್ಯೋಗಿಗಳು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಪುಟ್ಟ ಉಪಕರಣ ಕಟ್ಟಿ, ಅವರ ಉಸಿರಿನ ಮಟ್ಟದ ಗಾಳಿಯನ್ನು ಹಿಡಿದರು. ಒಲೆ ಉರಿಯುವ ಹೊತ್ತಿನಲ್ಲಿ ಘನ ಮೀಟರ್ ಗಾಳಿಗೆ ಸುಮಾರು 7 ಮಿಲಿಗ್ರಾಂ ಕಣ. ಅಂದರೆ 7000 ಮೈಕ್ರೊಗ್ರಾಂ. ದೆಹಲಿಯ ಕೆಟ್ಟ ದಿನಗಳ ಸುದ್ದಿ ಓದಿ ಹೌಹಾರುವ ನಮಗೆ ಈ ಅಂಕಿ ದಕ್ಕುವುದೇ ಕಷ್ಟ. ಅಡುಗೆಮನೆಯ ತೆರೆದ ಒಲೆ ಎಂದರೆ ಗಂಟೆಗೆ 400 ಸಿಗರೇಟು ಸುಟ್ಟಂತೆ ಎಂದು ಸ್ಮಿತ್ ಹೇಳುತ್ತಿದ್ದರು. 2020ರಲ್ಲಿ ತೀರಿಕೊಳ್ಳುವವರೆಗೂ ಅವರ ಕೆಲಸದ ಕೇಂದ್ರ ಇದೇ ಒಲೆ.

ಅಸ್ತ್ರ ಒಲೆಯ ಕಥೆ

ಹೆಚ್ಚುಕಮ್ಮಿ ಅದೇ ಕಾಲಕ್ಕೆ ಕರ್ನಾಟಕದಲ್ಲೂ ಒಲೆಯ ಮುಂದೆ ಕೂತ ವಿಜ್ಞಾನಿಗಳಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಹುಟ್ಟುಹಾಕಿದ ‘ಅಸ್ತ್ರ’ ವಿಭಾಗ ಹಳ್ಳಿಯ ಬದುಕಿಗೆ ಬೇಕಾದ ತಂತ್ರಜ್ಞಾನ ಹುಡುಕುತ್ತಿತ್ತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಪ್ರಯೋಗ ಕೇಂದ್ರ. ಅಲ್ಲಿ ಸಿಕ್ಕ ಅನುಭವದಿಂದ ರೂಪುಗೊಂಡದ್ದೇ ಅಸ್ತ್ರ ಒಲೆ.

ಮಣ್ಣಿನದೇ ಒಲೆ. ಒಂದೇ ಉರಿಗೆ ಮೂರು ಪಾತ್ರೆ. ಕೆಳಗೆ ಗಾಳಿ ನುಗ್ಗಲು ಜಾಲರಿ, ಬೆಂಕಿ ಗೂಡಿಗೆ ಮುಚ್ಚಳ, ಹಿಂದೆ ಸೂರು ದಾಟಿ ಹೋಗುವ ಹೊಗೆ ಕೊಳವೆ. ಕಟ್ಟಿಗೆ ಉಳಿಯುತ್ತದೆ, ಅನ್ನ ಬೇಗ ಬೇಯುತ್ತದೆ, ಕಣ್ಣು ಉರಿಯುವುದಿಲ್ಲ. ಹಳೆಯ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಹೊಗೆ ಮೊದಲ ಬಾರಿಗೆ ಹೊರಗಿನ ದಾರಿ ಕಂಡದ್ದು ಈ ಕೊಳವೆಯಲ್ಲಿ.

ಆಮೇಲೆ ದೇಶವ್ಯಾಪಿ ಸುಧಾರಿತ ಒಲೆ ಕಾರ್ಯಕ್ರಮ ಬಂತು. 2002ರ ಹೊತ್ತಿಗೆ ಅದು ನಿಲ್ಲುವ ಮುನ್ನ ಮೂರು ಕೋಟಿಗೂ ಹೆಚ್ಚು ಒಲೆಗಳು ಹಂಚಿಕೆಯಾಗಿದ್ದವು. ಉಳಿದವೆಷ್ಟು? ಕೊಳವೆಯಲ್ಲಿ ಮಸಿ ಕಟ್ಟಿತು, ಒಲೆಯ ಬಾಯಿ ಒಡೆಯಿತು, ರಿಪೇರಿಗೆ ಯಾರೂ ಬರಲಿಲ್ಲ. ಒಡಿಶಾದಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಬೇರೊಂದು ಸುಧಾರಿತ ಒಲೆಯನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಂಡದ್ದೂ ಇದನ್ನೇ. ಮೊದಲ ವರ್ಷ ಹೊಗೆ ತಗ್ಗಿತು. ಆಮೇಲೆ ಒಲೆಯ ಆರೈಕೆ ತಪ್ಪಿತು, ಬಳಕೆ ಇಳಿಯಿತು, ಲಾಭವೂ ಕರಗಿತು.

ಒಲೆ ಕೊಟ್ಟವರು ಕೊಳವೆ ತೊಳೆಯುವ ಕೆಲಸವನ್ನು ಯಾರ ತಲೆಗೂ ಕಟ್ಟಿರಲಿಲ್ಲ. ಮಸಿ ಕಟ್ಟಿದ ಕೊಳವೆಯ ಮುಂದೆ ಮತ್ತೆ ಕಣ್ಣುಜ್ಜಿಕೊಂಡು ಕೂತವಳು ಮಾತ್ರ ಹಳಬಳೇ.

ಸಿಲಿಂಡರ್ ಬಂತು, ಕಟ್ಟಿಗೆ ಹೋಗಲಿಲ್ಲ

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲ ಯೋಜನೆಗೆ ಚಾಲನೆ ಸಿಕ್ಕಿತು. ಈವರೆಗೆ ಹತ್ತು ಕೋಟಿಗೂ ಮಿಕ್ಕಿ ಸಂಪರ್ಕ ಕೊಟ್ಟಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ 80ರಷ್ಟು ಮನೆಗಳು ಅಡುಗೆಗೆ ಶುದ್ಧ ಇಂಧನ ಬಳಸುತ್ತವೆ. ದೇಶದ ಸರಾಸರಿ ಶೇ 59ರ ಆಸುಪಾಸು. ಸಾಧನೆ ಸಣ್ಣದಲ್ಲ.

ಆದರೆ ಉಜ್ವಲ ಮನೆಯೊಂದು ವರ್ಷಕ್ಕೆ ತುಂಬಿಸುವ ಸಿಲಿಂಡರ್ ಸರಾಸರಿ ನಾಲ್ಕರ ಆಸುಪಾಸು. ದಿನವಿಡೀ ಗ್ಯಾಸಿನಲ್ಲೇ ಬೇಯಿಸುವ ಸಂಸಾರಕ್ಕೆ ಅದು ಸಾಲದು. ಚಹಾ, ಒಗ್ಗರಣೆ, ನೆಂಟರು ಬಂದಾಗಿನ ಉಪ್ಪಿಟ್ಟು ಗ್ಯಾಸಿಗೆ. ಮುದ್ದೆಗೆ ಎಸರು, ದನಕ್ಕೆ ಹುರುಳಿ, ಮೀಯಲು ನೀರು ಕಟ್ಟಿಗೆಗೆ. ತೋಟದಲ್ಲಿ ಬಿದ್ದ ಸೋಗೆಗೆ ದುಡ್ಡು ಕೊಡಬೇಕಿಲ್ಲವಲ್ಲ!

ಹಾಗಾದರೆ ಗ್ಯಾಸ್ ಪೂರ್ತಿ ಬಿಟ್ಟಿ ಕೊಟ್ಟರೆ? ಆ ಪ್ರಯೋಗವೂ ಆಗಿದೆ. ಗ್ವಾಟೆಮಾಲಾ, ಪೆರು, ರುವಾಂಡಾ ಮತ್ತು ಭಾರತದ ತಮಿಳುನಾಡಿನಲ್ಲಿ 3200 ಗರ್ಭಿಣಿಯರನ್ನು ಸೇರಿಸಿಕೊಂಡು ಅರ್ಧದಷ್ಟು ಮನೆಗಳಿಗೆ ಒಲೆಯನ್ನೂ ಗ್ಯಾಸನ್ನೂ ಉಚಿತವಾಗಿ ಕೊಟ್ಟರು. ಭಾರತದ ಭಾಗವನ್ನು ನಡೆಸಿದ್ದು ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯ ಕಲ್ಪನಾ ಬಾಲಕೃಷ್ಣನ್ ಮತ್ತು ತಂಡ. ಕಟ್ಟಿಗೆ ಬಳಸುವವರು ಉಸಿರಾಡುತ್ತಿದ್ದ ಗಾಳಿಯಲ್ಲಿ ಸೂಕ್ಷ್ಮ ಕಣ 70 ಮೈಕ್ರೊಗ್ರಾಂನಷ್ಟು. ಗ್ಯಾಸಿನ ಮನೆಯಲ್ಲಿ 24.

2022ರಲ್ಲಿ ಹೊರಬಿದ್ದ ಫಲಿತಾಂಶ ಎಲ್ಲರನ್ನೂ ಕಕ್ಕಾಬಿಕ್ಕಿ ಮಾಡಿತು. ಎರಡೂ ಗುಂಪಿನ ಶಿಶುಗಳ ಜನನ ತೂಕದಲ್ಲಿ ಗಣನೀಯ ವ್ಯತ್ಯಾಸವೇ ಇರಲಿಲ್ಲ.

ಗ್ಯಾಸ್ ದಂಡ ಎಂದಲ್ಲ ಇದರ ಅರ್ಥ. ಸಂಪರ್ಕ ಸಿಗುವ ಹೊತ್ತಿಗೆ ಬಸಿರಿನ ಮೊದಲ ತಿಂಗಳುಗಳು ಕಳೆದಿದ್ದವು. ಸಾಲದ್ದಕ್ಕೆ 24 ಕೂಡ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 5ಕ್ಕಿಂತ ಎಷ್ಟೋ ಮೇಲೆ. ಪಕ್ಕದ ಮನೆಯ ಒಲೆ, ಬೀದಿ ಕೊನೆಯ ಕಸದ ಬೆಂಕಿ, ಮೂಲೆಯ ಸೊಳ್ಳೆ ಬತ್ತಿ ಎಲ್ಲವೂ ಗರ್ಭಿಣಿಯ ಕೋಣೆಗೇ ಬರುತ್ತವೆ. ಒಂದು ಒಲೆ ಬದಲಾದ ಮಾತ್ರಕ್ಕೆ ಗಾಳಿ ಬದಲಾಗದು.

| ಚೌಕಟ್ಟು 1 | ಮೂಲೆಯಲ್ಲಿ ಕೂತ ಹೊಗೆ

• ಸೊಳ್ಳೆ ಬತ್ತಿ: ಒಂದು ಸುರುಳಿ ಪೂರ್ತಿ ಉರಿದರೆ ಬಿಡುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿನದಕ್ಕೆ ಸಮ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತು. ಡೆಂಗಿ ಕಾಲದಲ್ಲಿ ಸೊಳ್ಳೆಯನ್ನು ಬಿಡುವಂತಿಲ್ಲ, ನಿಜ. ಕಿಟಕಿಗೆ ಮೆಶ್, ಮಂಚಕ್ಕೆ ಪರದೆ ಹಾಕಿದರೆ ಹೊಗೆಯಿಲ್ಲದೆ ಕೆಲಸವಾಗುತ್ತದೆ.

• ಊದುಬತ್ತಿ, ಧೂಪ: ಪರಿಮಳ ಬೇರೆ, ಕಣ ಅದೇ. ಬಾಗಿಲು ಮುಚ್ಚಿದ ದೇವರ ಕೋಣೆಯಲ್ಲಿ ಅದು ನಿಂತುಬಿಡುತ್ತದೆ.

• ಗ್ಯಾಸ್ ಗೀಸರ್: ಕಿಂಡಿ ಮುಚ್ಚಿದ ಬಚ್ಚಲಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಕಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ಓಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ. ಗೀಸರನ್ನು ಬಚ್ಚಲಿನ ಹೊರಗೆ ಕೂರಿಸುವುದೇ ಲೇಸು.

• ಅಗ್ಗಿಷ್ಟಿಕೆ: ಚಳಿಗೆಂದು ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಪ್ರತಿ ಚಳಿಗಾಲದಲ್ಲೂ ಬರುತ್ತದೆ. ಕಾರಣ ಅದೇ ಅನಿಲ.

ಗಾಳಿ ಕುಡಿದ ಗಿನಿಪಿಗ್‌ಗಳು

ಮನೆಯಲ್ಲಿ ಹೀಗಾದರೆ, ಕೆಮ್ಮು ಬಂದವರು ಹೋಗುವ ಆಸ್ಪತ್ರೆಯಲ್ಲಿ?

1950ರ ದಶಕದ ಕೊನೆ. ಅಮೆರಿಕದ ಬಾಲ್ಟಿಮೋರ್‌ನ ಒಂದು ಆಸ್ಪತ್ರೆಯ ಆರು ಹಾಸಿಗೆಯ ಟಿ.ಬಿ. ವಾರ್ಡು. ಅಲ್ಲಿನ ಗಾಳಿಯನ್ನೆಲ್ಲ ಕೊಳವೆಯಲ್ಲಿ ಎಳೆದು ಮೇಲಿನ ಮಹಡಿಯ ಗೂಡುಗಳಿಗೆ ಬಿಡುತ್ತಿದ್ದರು. ಗೂಡಿನಲ್ಲಿ ನೂರೈವತ್ತರಷ್ಟು ಗಿನಿಪಿಗ್‌ಗಳು. ರೋಗಿಗಳನ್ನು ಅವು ಕಂಡದ್ದಿಲ್ಲ, ಮುಟ್ಟಿದ್ದಿಲ್ಲ. ಆ ಗಾಳಿ ಉಸಿರಾಡಿದ್ದಷ್ಟೇ. ತಿಂಗಳಿಗೆ ಸರಾಸರಿ ಮೂರರಂತೆ ಅವಕ್ಕೆ ಟಿ.ಬಿ. ತಗಲುತ್ತ ಹೋಯಿತು.

ವಿಲಿಯಂ ವೆಲ್ಸ್ ಮತ್ತು ರಿಚರ್ಡ್ ರೈಲಿ ನಡೆಸಿದ ಪ್ರಯೋಗ ಇದು. ಮುಂದಿನ ಹಂತದಲ್ಲಿ ಇನ್ನೊಂದು ಗುಂಪಿನ ಗಿನಿಪಿಗ್‌ಗಳಿಗೆ ಹೋಗುವ ಗಾಳಿಗೆ ನೇರಳಾತೀತ ಬೆಳಕು ಹಾಯಿಸಿದರು. ಆ ಗುಂಪಿನಲ್ಲಿ ಒಂದಕ್ಕೂ ರೋಗ ಬರಲಿಲ್ಲ. ಕೆಮ್ಮಿದಾಗ ಹಾರುವ ಅತಿ ಸಣ್ಣ ಹನಿಗಳು ನೀರಾರಿ, ಗಂಟೆಗಟ್ಟಲೆ ತೇಲಿ, ಕೊಳವೆ ಹಾದು, ಮಹಡಿ ಹತ್ತಿ ಸೋಂಕು ತಗಲಿಸಬಲ್ಲವು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಬೇಕಿತ್ತೆಂದು ಕಾಣುತ್ತದೆ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಎಂದು ಟ್ವೀಟ್ ಮಾಡಿತು. ಜುಲೈನಲ್ಲಿ ಲಿಡಿಯಾ ಮೊರಾವ್‌ಸ್ಕಾ ಮುಂದಾಳತ್ವದಲ್ಲಿ 239 ವಿಜ್ಞಾನಿಗಳ ಬೆಂಬಲದೊಂದಿಗೆ, ಗಾಳಿಯಿಂದ ಹರಡುವುದನ್ನು ಒಪ್ಪಿಕೊಳ್ಳಿ ಎಂಬ ಪತ್ರ ಪ್ರಕಟವಾಯಿತು. ಅಷ್ಟರಲ್ಲಿ ನಾವು ಬಾಗಿಲ ಚಿಲಕ, ತರಕಾರಿ, ಹಾಲಿನ ಪ್ಯಾಕೆಟ್ ಎಲ್ಲವನ್ನೂ ಒರೆಸಿ ಒರೆಸಿ ದಣಿದಿದ್ದೆವು. ಕಿಟಕಿ ಮಾತ್ರ ಮುಚ್ಚಿಯೇ ಇತ್ತು.

ಅಜ್ಜನ ಕಾಲದ ವಾರ್ಡು

ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ನೂರು ವರ್ಷ ದಾಟಿದ ಒಂದು ಆಸ್ಪತ್ರೆಯಿದೆ: ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ. ಜನರ ಬಾಯಲ್ಲಿ ಪಿ.ಕೆ. ಸ್ಯಾನಿಟೋರಿಯಂ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಮತ್ತು ಅವರ ಹೆಣ್ಣುಮಕ್ಕಳನ್ನು ಕ್ಷಯ ಬಲಿ ತೆಗೆದುಕೊಂಡಿತ್ತು. ಅರಮನೆಯನ್ನೇ ಹೊಕ್ಕ ಕಾಯಿಲೆಗೆ ಅರಮನೆ ಕೊಟ್ಟ ಉತ್ತರ ಅದು.

ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1940ರ ದಶಕದಲ್ಲಿ. ಅದಕ್ಕೂ ಮುಂಚೆ ಕ್ಷಯಕ್ಕೆ ಔಷಧವಿರಲಿಲ್ಲ. ಗಾಳಿ, ಬೆಳಕು, ಹಾಲು-ಮೊಟ್ಟೆ, ವಿಶ್ರಾಂತಿ ಇವೇ ಮುಖ್ಯ ಚಿಕಿತ್ಸೆ. ಹಾಗಾಗಿ ಆ ಕಾಲದ ಸ್ಯಾನಿಟೋರಿಯಂಗಳು ಊರ ಹೊರಗೆ, ಮರಗಳ ನಡುವೆ ಎದ್ದವು. ಬೆಂಗಳೂರಿನ ವಿಕ್ಟೋರಿಯಾದಂಥ, 1900ರಲ್ಲಿ ಆರಂಭವಾದ ಸಾಮಾನ್ಯ ಆಸ್ಪತ್ರೆಗಳಲ್ಲೂ ಎತ್ತರದ ಸೂರು, ಉದ್ದನೆಯ ಕಿಟಕಿ. ಒಳಗಿನ ಗಾಳಿ ಹೊರಗಿನಷ್ಟೇ ಚೊಕ್ಕವಾಗಿರಬೇಕು, ರೋಗಿಗೆ ಚಳಿಯೂ ಆಗಬಾರದು ಎಂಬುದನ್ನು ಶುಶ್ರೂಷೆಯ ಮೊದಲ ಪಾಠ ಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ಪ್ರಭಾವ ಅದು.

ಆಮೇಲೆ ಮಾತ್ರೆ ಬಂತು. 1959ರಲ್ಲಿ ಪ್ರಕಟವಾದ ಮದ್ರಾಸಿನ ಪ್ರಸಿದ್ಧ ಅಧ್ಯಯನ, ಮನೆಯಲ್ಲಿದ್ದು ಮಾತ್ರೆ ನುಂಗಿದವರೂ ಸ್ಯಾನಿಟೋರಿಯಂನಲ್ಲಿ ಇದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು ತೋರಿಸಿತು. ಬಡ ರೋಗಿಗಳ ಪಾಲಿಗೆ ಅದು ಬಿಡುಗಡೆ. ಆದರೆ ಸ್ಯಾನಿಟೋರಿಯಂ ಬೇಡವಾದಾಗ ಅದರ ಕಿಟಕಿಯೂ ಬೇಡವಾಯಿತು. ಗುಣಪಡಿಸಲು ಗಾಳಿ ಬೇಕಿರಲಿಲ್ಲ, ನಿಜ. ಹರಡದಂತೆ ತಡೆಯಲು ಬೇಕಿತ್ತು.

ಈ ನಷ್ಟಕ್ಕೆ ಅಂಕಿ ಕೊಟ್ಟದ್ದು ಪೆರುವಿನ ಲಿಮಾ ನಗರ. 2007ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಲ್ಲಿನ ಎಂಟು ಆಸ್ಪತ್ರೆಗಳ 70 ಕೋಣೆಗಳಲ್ಲಿ, ಗಂಟೆಗೆ ಎಷ್ಟು ಬಾರಿ ಗಾಳಿ ಬದಲಾಗುತ್ತದೆಂದು ಅಳೆದರು. ಕಿಟಕಿ ತೆರೆದಾಗ 1950ಕ್ಕೆ ಮುಂಚಿನ ಕಟ್ಟಡಗಳಲ್ಲಿ 40 ಬಾರಿ, ಹೊಸ ಕಟ್ಟಡಗಳಲ್ಲಿ 17. ಯಂತ್ರದಿಂದ ಗಾಳಿ ಬದಲಿಸುವ ದುಬಾರಿ ಕೋಣೆಗಳಲ್ಲಿ 12. ಚಿಕಿತ್ಸೆ ಪಡೆಯದ ಟಿ.ಬಿ. ರೋಗಿಗಳ ಜೊತೆ ಒಂದು ದಿನ ಕಳೆದವರಿಗೆ ಸೋಂಕು ತಗಲುವ ಅಂದಾಜು ಯಂತ್ರದ ಕೋಣೆಯಲ್ಲಿ ಶೇ 39, ಹೊಸದರಲ್ಲಿ ಶೇ 33, ಹಳೆಯದರಲ್ಲಿ ಶೇ 11.

ಈಗ ನಮ್ಮೂರ ನರ್ಸಿಂಗ್ ಹೋಮಿಗೆ ಬನ್ನಿ. ಕೆಳಮಹಡಿಯ ಹಾಲು, ತಗ್ಗು ಫಾಲ್ಸ್ ಸೀಲಿಂಗ್, ತೆರೆಯಲಾಗದ ಗಾಜು, ಗೋಡೆಯಲ್ಲೊಂದು ಸ್ಪ್ಲಿಟ್ ಎ.ಸಿ. ಟೋಕನ್ ಹಿಡಿದ ನಲವತ್ತು ಜನ. ತಂಪಾಗಿದೆ, ಹಾಗಾಗಿ ಗಾಳಿಯೂ ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಸ್ಪ್ಲಿಟ್ ಎ.ಸಿ. ಹೊರಗಿನಿಂದ ಒಂದು ಬೊಗಸೆ ಗಾಳಿಯನ್ನೂ ತರುವುದಿಲ್ಲ. ಒಳಗಿನದನ್ನೇ ತಣಿಸಿ ಮತ್ತೆ ನಮ್ಮ ಮುಖಕ್ಕೆ ಊದುತ್ತದೆ. ಒಬ್ಬರು ಎಂಜಲು ಮಾಡಿದ ಲೋಟದಲ್ಲಿ ನೀರು ಕುಡಿಯದ ನಾವು ನಲವತ್ತು ಜನರ ಉಸಿರನ್ನು ಹಂಚಿಕೊಂಡು ಕೂತಿರುತ್ತೇವೆ.

ಇದನ್ನು ಕಂಡುಹಿಡಿಯಲು ಪ್ರಯೋಗಾಲಯ ಬೇಕಿಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 420 ಪಿಪಿಎಂ ಆಸುಪಾಸು. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಅಂಗೈಯಗಲದ ಮೀಟರೊಂದು ಕೋಣೆಯಲ್ಲಿ 1000 ದಾಟಿ ಏರುತ್ತಿದ್ದರೆ, ಇನ್ನೊಬ್ಬರ ಶ್ವಾಸಕೋಶದಿಂದ ಬಂದ ಗಾಳಿ ಹೊರಹೋಗದೆ ನಿಂತಿದೆ ಎಂದೇ ಲೆಕ್ಕ.

| ಚೌಕಟ್ಟು 2 | ಬಿಳಿ ಗೋಡೆಯ ಘಾಟು

• ಫಾರ್ಮಲಿನ್: ವಾರಕ್ಕೊಮ್ಮೆ ಆಪರೇಷನ್ ಥಿಯೇಟರಿಗೆ ‘ಫ್ಯೂಮಿಗೇಷನ್’. ಪೊಟ್ಯಾಶಿಯಂ ಪರ್ಮಾಂಗನೇಟಿನ ಮೇಲೆ ಫಾರ್ಮಲಿನ್ ಸುರಿದರೆ ಬುಸ್ಸೆಂದು ಹೊಗೆ. ಬಾಗಿಲು ಹಾಕಿ ಓಡಿಬರಬೇಕು. ಮರುದಿನ ಬಾಗಿಲು ತೆರೆಯುವ ಸಿಸ್ಟರಿನ ಕಣ್ಣಲ್ಲಿ ನೀರು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂಬುದು ಖಚಿತವಾಗಿದೆ. ಈ ಪದ್ಧತಿ ಬಿಡಿ ಎಂಬುದೇ ಇಂದಿನ ಸಲಹೆ.

• ಎಥಿಲೀನ್ ಆಕ್ಸೈಡ್: ಶಾಖ ತಡೆಯದ ಉಪಕರಣಗಳ ಶುದ್ಧೀಕರಣಕ್ಕೆ ಬಳಕೆ. ಇದೂ ಖಚಿತ ಕ್ಯಾನ್ಸರ್‌ಕಾರಕವೇ.

• ಗ್ಲುಟರಾಲ್ಡಿಹೈಡ್: ಎಂಡೋಸ್ಕೋಪ್ ಅದ್ದುವ ದ್ರಾವಣ. ಟ್ರೇಗೆ ಮುಚ್ಚಳ, ಕೋಣೆಗೆ ಎಕ್ಸಾಸ್ಟ್ ಇಲ್ಲದಿದ್ದರೆ ಸಿಬ್ಬಂದಿಗೆ ಆಸ್ತಮಾ ತರಬಲ್ಲದು.

• ಕಾಟರಿ ಹೊಗೆ: ಶಸ್ತ್ರಚಿಕಿತ್ಸೆಯಲ್ಲಿ ಅಂಗಾಂಶ ಸುಟ್ಟಾಗ ಏಳುವ ಹೊಗೆ. ಸಾಮಾನ್ಯ ಸರ್ಜಿಕಲ್ ಮಾಸ್ಕ್ ಇದನ್ನು ಪೂರ್ತಿ ತಡೆಯದು.

ಯಾರನ್ನು ಕೇಳಿ ಕಟ್ಟಿದಿರಿ?

ಬಚ್ಚಲ ಒಲೆ ಊದುವ ಅಜ್ಜಿ, ಹೊಗೆಯ ಮೇಲೆ ಕೂತ ಬಾಣಂತಿ, ಥಿಯೇಟರಿನ ಬಾಗಿಲು ತೆರೆಯುವ ಸಿಸ್ಟರ್, ಎಂಡೋಸ್ಕೋಪ್ ತೊಳೆಯುವ ಹುಡುಗ. ಇವರಲ್ಲಿ ಒಬ್ಬರೂ ಕಿಟಕಿ ಎಲ್ಲಿರಬೇಕೆಂದು ತೀರ್ಮಾನಿಸಿದವರಲ್ಲ. ಮನೆ ಕಟ್ಟಿಸುವ ಯಜಮಾನ ವಾಸ್ತುವಿನವರನ್ನು ಕೇಳುತ್ತಾನೆ, ಎಂಜಿನಿಯರನ್ನು ಕೇಳುತ್ತಾನೆ. ಅಡುಗೆಮನೆಯಲ್ಲಿ ದಿನವಿಡೀ ನಿಲ್ಲುವವಳನ್ನು ಕೇಳುವುದು ಟೈಲ್ಸಿನ ಬಣ್ಣ ಮಾತ್ರ. ಒಳಗಿನ ಗಾಳಿಯ ವಿಚಾರದಲ್ಲಿ ಅತಿ ಹೆಚ್ಚು ಉಸಿರಾಡುವವರಿಗೇ ಅತಿ ಕಡಿಮೆ ಮಾತು.

ಕಾನೂನೂ ಅವರ ನೆರವಿಗಿಲ್ಲ. 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡ ಇರುವುದು ಹೊರಗಿನ ಗಾಳಿಗೆ. ಹೊಸಿಲು ದಾಟಿದ ಮೇಲೆ ಅಂಥ ಮಿತಿಯಿಲ್ಲ. ಆಸ್ಪತ್ರೆಗಳಲ್ಲಿ ಗಾಳಿಯಿಂದ ಹರಡುವ ಸೋಂಕು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2010ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕಿಟಕಿಗೆ ಬೆನ್ನು ಮಾಡಿ ಕೂರಬೇಕಾದವರು ಯಾರು, ಕೆಮ್ಮುವವರನ್ನು ಎಲ್ಲಿ ಕೂರಿಸಬೇಕು ಎಂಬಂಥ ಖರ್ಚಿಲ್ಲದ ಉಪಾಯಗಳೂ ಇಂಥ ಸಲಹೆಗಳ ಭಾಗವೇ. ಕಪಾಟಿನಿಂದ ಇಳಿಸಿ ಓದುವವರು ಬೇಕು.

| ಚೌಕಟ್ಟು 3 | ಮಿತಿ ಎಷ್ಟು?

• ಸೂಕ್ಷ್ಮ ಕಣ (ಪಿಎಂ 2.5), ವಾರ್ಷಿಕ ಸರಾಸರಿ: ವಿಶ್ವ ಆರೋಗ್ಯ ಸಂಸ್ಥೆ 5, ಭಾರತ 40 ಮೈಕ್ರೊಗ್ರಾಂ.

• ದಿನದ ಸರಾಸರಿ: ವಿಶ್ವ ಆರೋಗ್ಯ ಸಂಸ್ಥೆ 15, ಭಾರತ 60.

• ಸಾಮಾನ್ಯ ವಾರ್ಡು: ಪ್ರತಿ ರೋಗಿಗೆ ಸೆಕೆಂಡಿಗೆ 60 ಲೀಟರ್ ಹೊಸ ಗಾಳಿ. ಗಾಳಿಯಿಂದ ಹರಡುವ ರೋಗದ ಪ್ರತ್ಯೇಕ ಕೋಣೆ: 160 ಲೀಟರ್ (ನೈಸರ್ಗಿಕ ಗಾಳಿ ಇರುವಲ್ಲಿ).

ಮನೆಯ ಮಟ್ಟಿಗೆ ಪರಿಹಾರ ನಮ್ಮೂರಲ್ಲೇ ಇದೆ. ಮಲೆನಾಡಿನ ಕೆಲವು ಮನೆಗಳಲ್ಲಿ ಹಂಡೆ ಬಚ್ಚಲೊಳಗೆ, ಒಲೆಯ ಬಾಯಿ ಗೋಡೆಯಾಚೆ. ಬೆಂಕಿ ಹೊರಗೆ ಉರಿಯುತ್ತದೆ, ಬಿಸಿನೀರು ಒಳಗೆ ಸಿಗುತ್ತದೆ. ಒಂದು ದಿನದ ಗಾರೆ ಕೆಲಸ. ಬಾಣಂತಿ ಕೋಣೆಗೆ ಸಾಂಬ್ರಾಣಿ ಬೇಕೇಬೇಕೆನ್ನುವ ಹಿರಿಯರಿದ್ದರೆ, ಕೂಸನ್ನು ಆಚೆ ಕೋಣೆಗೆ ಕಳಿಸಿ ಹೊಗೆ ಹಾಕಿ. ಅದು ಪೂರ್ತಿ ಆರಿದ ಮೇಲೆ ಕರೆತರಲಿ. ಬೆಚ್ಚಗಿಡಲು ದುಪ್ಪಟಿ ಸಾಕು. ಮಳೆಯ ಎರಚಲು ಬಾರದ ಬದಿಯ ಕಿಟಕಿ, ಅದರ ಎದುರಿನ ಬಾಗಿಲು ಒಟ್ಟಿಗೆ ತೆರೆದರೆ ಗಾಳಿ ಹಾಯುತ್ತದೆ. ಒಂದೇ ಕಿಟಕಿ ತೆರೆದರೆ ಅಷ್ಟು ಸಾಗದು. ಹೆದ್ದಾರಿ ಪಕ್ಕದ ಮನೆಯವರು ವಾಹನ ಕಡಿಮೆಯಿರುವ ಹೊತ್ತು ನೋಡಿ ತೆರೆಯಲಿ. ಹೆಪಾ ಫಿಲ್ಟರಿನ ಯಂತ್ರ ಕಣ ಹಿಡಿಯುತ್ತದೆ ನಿಜ. ಕಾರ್ಬನ್ ಮೊನಾಕ್ಸೈಡ್ ಅದರ ಕೈಗೆ ಸಿಗದು.

ಆಸ್ಪತ್ರೆಯ ಮಟ್ಟಿಗೆ ಒಂದು ಬೇಡಿಕೆ ಇಡಬಹುದು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಸೇವೆಗಳ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಹಾಸಿಗೆಗೆ ಇಷ್ಟು, ಸ್ಕ್ಯಾನಿಂಗಿಗೆ ಇಷ್ಟು ಎಂದು ಬರೆಯುವ ಅದೇ ಫಲಕದಲ್ಲಿ ‘ಈ ಹಾಲಿನ ಗಾಳಿ ಗಂಟೆಗೆ ಇಷ್ಟು ಬಾರಿ ಬದಲಾಗುತ್ತದೆ’ ಎಂಬ ಒಂದು ಸಾಲೂ ಇರಲಿ. ಬರೆಯಬೇಕಾದರೆ ಅಳೆಯಲೇಬೇಕು. ಅಳೆದ ಮೇಲೆ ಸೊನ್ನೆ ಎಂದು ಬರೆಯಲು ಯಾವ ಮಾಲೀಕನಿಗೂ ಮನಸ್ಸು ಬಾರದು.